ಒಂದು ದಿನ ಕಮ್ಮಿ

ಜುಲೈ ಕೊನೆಯ ವಾರ. ಕಾಕ್ಸ್ ಟೌನಿನಲ್ಲಿ
ಬೀಗದ ಕೈ ಕೊರೆಯುವ ಅಂಗಡಿಯ ಮೇಲೆ ನಮ್ಮ ಆಫೀಸು.
ಕೆಳಗೆ ಹಿತ್ತಾಳೆ ಕಿರುಗುಟ್ಟಿದರೆ
ಮೇಲೆ ನನ್ನ ಹಲ್ಲು ಜುಮ್ಮೆನ್ನುತ್ತದೆ.
ಎದುರು ಕುರ್ಚಿಯಲ್ಲಿ, ಹೆಲ್ಮೆಟ್ಟು ಮಡಿಲಲ್ಲಿಟ್ಟು,
ವಾಸನಾ.

ಹೆಸರು ಕೇಳಿ ಮೊದಲ ದಿನ ನಕ್ಕಿದ್ದೆ.
ಅವಳ ಥಾಯ್ ಮಾತಿನಲ್ಲಿ ಅದಕ್ಕೆ ಹಣೆಬರಹ ಎಂದರ್ಥವಂತೆ.
ನಮ್ಮಲ್ಲಿ ಮೂಗಿಗೆ ಬಂದದ್ದು
ಅವರಲ್ಲಿ ಒಂದು ಗೇಣು ಮೇಲೆ ಹತ್ತಿದೆ, ಅಷ್ಟೆ.
ಇಂದಿರಾನಗರದ ಹೋಟೆಲಿನಲ್ಲಿ ಅಡುಗೆಯವಳು.
ಬೆರಳ ಸಂದಿಯಲ್ಲಿ ನಿಂಬೆಹುಲ್ಲು, ಸುಟ್ಟ ಮೆಣಸಿನಕಾಯಿ.
ಬರುವ ಕನ್ನಡ ಮೂರು:
ಬೇಗ. ಸಾಕು. ಇನ್ನೂ ಸ್ವಲ್ಪ.

ಪಾಸ್‌ಪೋರ್ಟ್ ಬಿಡಿಸಿ, ಕ್ಯಾಲೆಂಡರಿಗೆ ಪೆನ್ಸಿಲ್ ಊರಿ
ಬಂದ ದಿನದಿಂದ ಮಾರ್ಚ್ ಮೂವತ್ತೊಂದರ ತನಕ
ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿದೆ.
ನೂರ ಎಂಬತ್ತೆರಡಾದರೆ ನಿವಾಸಿ.
ನೂರ ಎಂಬತ್ತೊಂದಾಯಿತು.
ಕನ್ನಡಕ ಒರೆಸಿ ಮತ್ತೆ ಎಣಿಸಿದೆ.
ನೂರ ಎಂಬತ್ತೊಂದೇ.

ನಿವಾಸಿಯಾಗಿದ್ದರೆ ಅವಳ ಆರು ಲಕ್ಷಕ್ಕೆ ತೆರಿಗೆ ಸೊನ್ನೆ.
ಅನಿವಾಸಿಗೆ ಆ ರಿಯಾಯಿತಿ ಇಲ್ಲ:
ಹನ್ನೊಂದು ಸಾವಿರದ ಏಳುನೂರು.
ಒಂದು ಹಗಲು ಒಂದು ರಾತ್ರಿಗೆ ಇಷ್ಟು ಬಾಡಿಗೆ
ದೇವನಹಳ್ಳಿಯ ದೊಡ್ಡ ಹೋಟೆಲಿನವರೂ ಕೇಳಲಾರರು.

ತಡ ಮಾಡಿದ್ದು ಅವಳಲ್ಲ.
ಆಗಸ್ಟಿನಲ್ಲೇ ಚೀಲ ಕಟ್ಟಿ ಕೂತಿದ್ದಳು,
ಬ್ಯಾಂಕಾಕಿನ ಕಿಟಕಿ ದಿನಾ ನಾಳೆ ಎಂದಿತು.
ನಮ್ಮಜ್ಜಿ ಬಾಗಿಲ ಮೇಲೆ ನಾಳೆ ಬಾ ಅಂತ ಬರೆಸಿದ್ದು
ದೆವ್ವಕ್ಕೆ. ಮನುಷ್ಯರಿಗಲ್ಲ.
ಬೇಗ ಬರಬೇಡ ಎಂದದ್ದೂ ಮೂರು ಸಿಂಹದ ಮುದ್ರೆ,
ಬೇಗ ಯಾಕೆ ಬರಲಿಲ್ಲ ಎಂದು ದಂಡ ಹಾಕುವುದೂ ಅದೇ ಮೂರು ಸಿಂಹ.
ನಾಲ್ಕನೆಯದು ಹಿಂದೆ ಇದೆಯಂತೆ. ಅದನ್ನು ಕೇಳೋಣವೆಂದರೆ ಕಾಣುವುದಿಲ್ಲ.

ವಾಸನಾ ಹೇಳಿದಳು, ಕೈಯಲ್ಲೇ ಹೆಚ್ಚು:
ಗಾಲಿ ನೆಲ ಮುಟ್ಟಿದ್ದು ಹನ್ನೊಂದೂ ಮೂವತ್ತಕ್ಕೆ, ಒಂದನೇ ತಾರೀಕು.
ಸಾಲು ಹಾವಿನ ಹಾಗೆ. ಒಂದು ಕೌಂಟರು ಮುಚ್ಚಿತ್ತು.
ಮುಂದಿದ್ದ ಮಗು ವಾಂತಿ ಮಾಡಿಕೊಂಡಿತು, ಫಿನಾಯಿಲ್ ತಂದರು.
ಠಪ್ಪೆಂದು ಮುದ್ರೆ ಬೀಳುವಾಗ
ಗಾಂಧಿ ಜಯಂತಿಗೆ ಹತ್ತು ನಿಮಿಷ ವಯಸ್ಸು.

ವಿಮಾನದ ಚೀಟಿ ಇದೆಯಾ?
ಇತ್ತು. ಪರ್ಸಿನಿಂದ ತೆಗೆದಳು.
ಶಾಯಿ ಹಾರಿ ಬೆಳ್ಳಗೆ ಮುಖ ತೊಳೆದುಕೊಂಡು ಕೂತಿದೆ.

"ಸಾಲಿನಲ್ಲಿ ನಿಂತು ನಲ್ಲಿ ನೀರು ಕುಡಿದೆ," ಅಂದಳು.
"ಅದು ಯಾವ ದೇಶದ ನೀರು?"

ಆಲ್ಬನ್ ಸಾರ್ ಒಳಗಿಂದಲೇ ಕೂಗಿದರು,
ಪಂಕಜವಲ್ಲೀ, ಮುದ್ರೆ ಏನನ್ನುತ್ತೋ ಅದನ್ನೇ ಹಾಕಮ್ಮ.
ಹಾಕಿದೆ. ಅವಳು ಫೋನಿನಲ್ಲೇ ಕಟ್ಟಿದಳು.
ಪಿಎಫ್ ಬಗ್ಗೆ ಕೇಳಿದಳು, ಅದನ್ನೂ ಹೇಳಿದೆ:
ಐವತ್ತೆಂಟು ತುಂಬುವವರೆಗೆ ಮುಟ್ಟುವ ಹಾಗಿಲ್ಲ.
ಈಗವಳಿಗೆ ಮೂವತ್ತನಾಲ್ಕು.
ಅವಳು ಹೋದ ಮೇಲೂ ಇಲ್ಲೇ ಉಳಿಯುವ ಆ ದುಡ್ಡು,
ಅದಕ್ಕೆ ವೀಸಾ ಕೇಳುವವರಿಲ್ಲ.

ನನ್ನ ಬ್ಯಾಗಿನಲ್ಲಿ ಛಾಪಾ ಕಾಗದ ಮಡಿಚಿಕೊಂಡಿತ್ತು,
ಮನೆ ಓನರ್ ಕೊಟ್ಟ ಹೊಸ ಕರಾರು, ಹನ್ನೊಂದು ತಿಂಗಳದ್ದು.
ಹದಿನೇಳನೆಯದು. ಎಂದೂ ಹನ್ನೆರಡಾಗದ ವರ್ಷಗಳಲ್ಲಿ
ನನ್ನ ಮಗಳು ಪಿಯುಸಿಗೆ ಬಂದಳು.
ಋಣ ಇದ್ದಷ್ಟು ದಿನ ಅನ್ನುತ್ತಿದ್ದರು ಹಿಂದಿನವರು.
ಅದನ್ನು ಎಣಿಸುವ ಕೆಲಸಕ್ಕೆ ಸಂಬಳ ಕೊಡುತ್ತಾರೆಂದು
ಅವರಿಗೆ ಗೊತ್ತಿರಲಿಲ್ಲ.

"ಮುಂದಿನ ವರ್ಷ ನಿವಾಸಿಯೇ ಅಲ್ಲವಾ ನಾನು?"
ವೀಸಾದ ಪುಟ ತಿರುವಿದೆ.
ಮುಗಿಯುವುದು ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ.
ಏಪ್ರಿಲ್ ಒಂದರಿಂದ ಗೆಣ್ಣು ಮುಟ್ಟಿದೆ,
ಮೇಜಿನ ಕೆಳಗೆ, ಅವಳಿಗೆ ಕಾಣದ ಹಾಗೆ.

ಎಣಿಸಿ ಮುಗಿಸಿ, ಏನೂ ಅನ್ನದೆ,
ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ.
ಒಂದೇ ಗುಕ್ಕಿಗೆ ಕುಡಿದು ಲೋಟ ಮುಂದೆ ಹಿಡಿದಳು,
ಇನ್ನೂ ಸ್ವಲ್ಪ.